136ನೇ ಕ್ಷೇತ್ರದ ಖಾಲಿ ಕುರ್ಚಿ: ಜೂಲಿಯನ್ ಬಾಂಡ್ ಪ್ರಕರಣ

1966ರ ಜನವರಿ 10ರ ಸೋಮವಾರ ಅಟ್ಲಾಂಟಾದ ಶಾಸನ ಭವನದಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಪ್ರತಿನಿಧಿ ಸಭೆ ಹೊಸ ಅಧಿವೇಶನಕ್ಕಾಗಿ ಸೇರಿತು. ಚುನಾಯಿತರಾದವರೆಲ್ಲ ಪ್ರಮಾಣವಚನ ಸ್ವೀಕರಿಸಿದರು; ಒಬ್ಬರಿಗೆ ಮಾತ್ರ ಸದನದ ಕಾರ್ಯದರ್ಶಿ ಅದನ್ನು ಬೋಧಿಸಲು ನಿರಾಕರಿಸಿದರು. ಆ ಒಬ್ಬರು 136ನೇ ಕ್ಷೇತ್ರದಿಂದ ಗೆದ್ದು ಬಂದಿದ್ದ ಜೂಲಿಯನ್ ಬಾಂಡ್. ಇಪ್ಪತ್ತಾರು ತುಂಬಲು ಅವರಿಗೆ ಇನ್ನು ನಾಲ್ಕು ದಿನಗಳಿದ್ದವು. ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಿರಲಿಲ್ಲ, ಚುನಾವಣೆಯಲ್ಲಿ ಅಕ್ರಮ ನಡೆದಿತ್ತೆಂದು ಯಾರೂ ದೂರಿರಲಿಲ್ಲ, ವಯಸ್ಸು, ಪೌರತ್ವ, ವಾಸಸ್ಥಳ ಎಲ್ಲವೂ ರಾಜ್ಯದ ಸಂವಿಧಾನ ಕೇಳಿದಂತೆಯೇ ಇದ್ದವು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಒಂದು ಹೇಳಿಕೆಯನ್ನು ಅವರು ಬೆಂಬಲಿಸಿದ್ದರು. ಸದನದ ತಕರಾರು ಅಷ್ಟೇ.

ಈ ಪ್ರಕರಣವನ್ನು ಸಾಮಾನ್ಯವಾಗಿ ವಾಕ್ ಸ್ವಾತಂತ್ರ್ಯದ ಪ್ರಕರಣವೆಂದು ಓದಲಾಗುತ್ತದೆ, ಅದು ಸರಿಯೇ. ಆದರೆ ಅದರ ಕಾಗದಪತ್ರಗಳನ್ನು ಓದುತ್ತಾ ಹೋದಂತೆ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ: ಶಾಸನಸಭೆಯ ಒಂದು ಕುರ್ಚಿ ನಿಜಕ್ಕೂ ಯಾರದು? ಅದರಲ್ಲಿ ಕೂರುವವನದೇ, ಅವನ ಸುತ್ತ ಕೂರುವ ಸಹೋದ್ಯೋಗಿಗಳದೇ, ಅಥವಾ ಅವನನ್ನು ಅಲ್ಲಿಗೆ ಕಳುಹಿಸಿದವರದೇ? ಬಾಂಡ್ ಅವರ ಇಪ್ಪತ್ತು ವರ್ಷಗಳ ಶಾಸಕ ಜೀವನ ಈ ಪ್ರಶ್ನೆಯಿಂದಲೇ ಆರಂಭವಾಗಿ, ಅದರ ಇನ್ನೊಂದು ರೂಪದಲ್ಲಿಯೇ ಕೊನೆಗೊಂಡಿತು.

ಹಿನ್ನೆಲೆ

ಬಾಂಡ್ ಹುಟ್ಟಿದ್ದು 1940ರ ಜನವರಿ 14ರಂದು, ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ತಂದೆ ಹೊರೇಸ್ ಮಾನ್ ಬಾಂಡ್ ಹೆಸರಾಂತ ಶಿಕ್ಷಣತಜ್ಞರು, ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯದ ಮೊದಲ ಕಪ್ಪು ಅಧ್ಯಕ್ಷರು. ತಾಯಿ ಜೂಲಿಯಾ ಗ್ರಂಥಪಾಲಕಿ. ಹುಡುಗ ಓದಿದ್ದು ಕ್ವೇಕರ್ ಪಂಥದವರು ನಡೆಸುತ್ತಿದ್ದ ಶಾಲೆಯಲ್ಲಿ. ಎಲ್ಲ ಬಗೆಯ ಯುದ್ಧವನ್ನೂ ತಪ್ಪೆಂದು ಕಾಣುವ ಆ ಪಂಥದ ನಿಲುವು ಅವರಲ್ಲಿ ಉಳಿದುಕೊಂಡಿತು. ಮುಂದೆ ಈ ವಿವಾದದ ಹೊತ್ತಿನಲ್ಲಿ ಅವರು ತಮ್ಮನ್ನು ಶಾಂತಿವಾದಿ ಎಂದು ಕರೆದುಕೊಂಡದ್ದು ಹೊತ್ತಿಗೆ ಹೊಂದಿಸಿಕೊಂಡ ಮಾತಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. 1957ರಲ್ಲಿ ಅವರು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜು ಸೇರಿದರು.

1960ರ ಫೆಬ್ರವರಿಯಲ್ಲಿ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಊಟ ಬಡಿಸುವ ಕೌಂಟರಿನ ಮುಂದೆ ಕುಳಿತು ಏಳದೆ ಉಳಿದ ಸುದ್ದಿ ಅಟ್ಲಾಂಟಾಕ್ಕೂ ತಲುಪಿತು. ಮರುತಿಂಗಳು ನಗರಸಭೆಯ ಕೆಫೆಟೇರಿಯಾದಲ್ಲಿ ಅಂಥದೇ ಧರಣಿ ಕುಳಿತ ವಿದ್ಯಾರ್ಥಿಗಳ ಮುಂದಾಳಾಗಿದ್ದ ಬಾಂಡ್ ಬಂಧನಕ್ಕೊಳಗಾದರು. ಅದೇ ಏಪ್ರಿಲ್‌ನಲ್ಲಿ 'ಸ್ನಿಕ್' ಎಂದೇ ಹೆಸರಾದ ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿ ಹುಟ್ಟಿತು. ಅದರ ಧ್ಯೇಯಪತ್ರವನ್ನು ರಚಿಸಿದ ಜೇಮ್ಸ್ ಲಾಸನ್ ನಾಗಪುರದಲ್ಲಿ ಮೂರು ವರ್ಷ ಕಳೆದು ಗಾಂಧೀಜಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ ಬಂದವರು ಎಂಬುದು ನಮ್ಮ ಓದುಗರಿಗೆ ತಿಳಿದಿರಬೇಕಾದ ಸಂಗತಿ. ಬಾಂಡ್ ಸಮಿತಿಯ ಪ್ರಚಾರ ವಿಭಾಗದ ಹೊಣೆ ಹೊತ್ತರು. ಕಾಲೇಜನ್ನು ಅರ್ಧಕ್ಕೇ ಬಿಟ್ಟು, ದಕ್ಷಿಣದ ಹಳ್ಳಿಗಳಲ್ಲಿ ಮತದಾರರ ನೋಂದಣಿಗೆ ಹೋಗಿ ಪೆಟ್ಟು ತಿಂದವರ ಸುದ್ದಿಯನ್ನು ಪತ್ರಿಕೆಗಳಿಗೆ ತಲುಪಿಸುವುದನ್ನೇ ಕೆಲಸವಾಗಿಸಿಕೊಂಡರು. ಪದವಿ ಕೈಗೆ ಬಂದದ್ದು 1971ರಲ್ಲಿ, ಶಾಸಕರಾಗಿ ನಾಲ್ಕು ವರ್ಷ ಕಳೆದ ಮೇಲೆ.

ಹೊಸ ಕ್ಷೇತ್ರ

ಇಂಥ ಯುವಕನೊಬ್ಬ ಜಾರ್ಜಿಯಾದ ಶಾಸನಸಭೆಗೆ ಸ್ಪರ್ಧಿಸಬಹುದೆಂಬ ಯೋಚನೆಯೇ ಕೆಲವು ವರ್ಷಗಳ ಹಿಂದೆ ಯಾರಿಗೂ ಬರುತ್ತಿರಲಿಲ್ಲ. ಜಾರ್ಜಿಯಾದಲ್ಲಿ 159 ಕೌಂಟಿಗಳಿವೆ. ನಮ್ಮ ತಾಲ್ಲೂಕುಗಳಂತೆ ಅವು ಆಡಳಿತದ ಘಟಕಗಳು. 205 ಸದಸ್ಯರ ಪ್ರತಿನಿಧಿ ಸಭೆಯಲ್ಲಿ ಎಂಟು ದೊಡ್ಡ ಕೌಂಟಿಗಳಿಗೆ ತಲಾ ಮೂರು, ನಂತರದ ಮೂವತ್ತಕ್ಕೆ ತಲಾ ಎರಡು, ಉಳಿದ 121ಕ್ಕೆ ತಲಾ ಒಂದು ಸ್ಥಾನ ಎಂಬ ಲೆಕ್ಕವಿತ್ತು. 1960ರ ಜನಗಣತಿಯಂತೆ ಅಟ್ಲಾಂಟಾ ನಗರವಿರುವ ಫುಲ್ಟನ್ ಕೌಂಟಿಯ ಜನಸಂಖ್ಯೆ 5,56,326, ಅತಿ ಚಿಕ್ಕದಾದ ಎಕೋಲ್ಸ್ ಕೌಂಟಿಯದು 1,876. ಐದೂವರೆ ಲಕ್ಷ ಜನರಿಗೆ ಮೂವರು ಪ್ರತಿನಿಧಿಗಳು, ಎರಡು ಸಾವಿರವೂ ಇಲ್ಲದ ಜನರಿಗೆ ಒಬ್ಬರು! ಹಳ್ಳಿಗಾಡಿನ ಬಿಳಿಯ ಜಮೀನುದಾರರ ಹಿಡಿತ ಸಡಿಲವಾಗದಂತೆ ಕಾಯ್ದದ್ದು ಈ ಲೆಕ್ಕವೇ. 1963 ಮತ್ತು 1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಬ್ಬ ವ್ಯಕ್ತಿಗೆ ಒಂದೇ ಬೆಲೆಯ ಒಂದು ಮತ ಎಂಬ ತತ್ವವನ್ನು ಎತ್ತಿಹಿಡಿದ ಮೇಲೆ ರಾಜ್ಯ ತನ್ನ ಕ್ಷೇತ್ರಗಳನ್ನು ಜನಸಂಖ್ಯೆಗೆ ತಕ್ಕಂತೆ ಮತ್ತೆ ವಿಂಗಡಿಸಬೇಕಾಯಿತು. ಅಟ್ಲಾಂಟಾದಲ್ಲಿ ಹೊಸ ಕ್ಷೇತ್ರಗಳು ಮೂಡಿದವು, ಅವುಗಳಲ್ಲಿ ಒಂದು 136ನೆಯದು.

1965ರ ಜೂನ್‌ನಲ್ಲಿ ಅಲ್ಲಿ ಚುನಾವಣೆ ನಡೆಯಿತು. ಸುಮಾರು 6,500 ಮತದಾರರಲ್ಲಿ 6,000 ಮಂದಿ ಕಪ್ಪು ಜನರು, ಬಹುತೇಕ ಬಡವರು. ಬಾಂಡ್ ಮತ್ತು ಸ್ನಿಕ್‌ನ ಗೆಳೆಯರು ಮನೆಮನೆಗೆ ಹೋಗಿ, ತಮ್ಮ ಮಾತನ್ನು ಹೇಳುವುದಕ್ಕೆ ಮೊದಲು, ಜನರಿಗೆ ಏನು ಬೇಕೆಂದು ಕೇಳಿದರು. ಫಲಿತಾಂಶ ಬಂದಾಗ ಬಾಂಡ್ ಅವರಿಗೆ 2,320 ಮತಗಳು, ಎದುರಾಳಿಗೆ 487. ಮುಂದಿನದನ್ನು ಅಳೆಯಲು ಈ ಸಂಖ್ಯೆಗಳನ್ನು ಕೈಯಲ್ಲಿಟ್ಟುಕೊಳ್ಳಬೇಕು.

ಹೇಳಿಕೆ

1966ರ ಜನವರಿ 3ರಂದು ಅಲಬಾಮಾದ ಟಸ್ಕೀಗಿಯಲ್ಲಿ ಸ್ಯಾಮಿ ಯಂಗ್ ಎಂಬ ವಿದ್ಯಾರ್ಥಿಯನ್ನು ಪೆಟ್ರೋಲ್ ಬಂಕ್ ಒಂದರಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಬಿಳಿಯರಿಗೆ ಮೀಸಲಾದ ಶೌಚಾಲಯವನ್ನು ಬಳಸಲು ಹೋದದ್ದು ಆತನ ತಪ್ಪು. ಯಂಗ್ ಅಮೆರಿಕದ ನೌಕಾಪಡೆಯಲ್ಲಿ ಸೇವೆ ಮಾಡಿ ಮರಳಿದ್ದವರು. ಮೂರು ದಿನಗಳ ನಂತರ, ಜನವರಿ 6ರಂದು, ಸ್ನಿಕ್‌ನ ಅಧ್ಯಕ್ಷರಾಗಿದ್ದ ಜಾನ್ ಲೂಯಿಸ್ ಪತ್ರಕರ್ತರ ಮುಂದೆ ಸಮಿತಿಯ ಹೇಳಿಕೆಯನ್ನು ಓದಿದರು. ಜಗತ್ತಿನ ಸ್ವಾತಂತ್ರ್ಯವನ್ನು ಕಾಪಾಡುತ್ತೇವೆಂಬ ಸರ್ಕಾರದ ಕೂಗು ಬರಿಯ ಮುಖವಾಡವೆಂದೂ, ತಮಗೆ ಮನೆಯಲ್ಲೇ ಸಿಗದ ಪ್ರಜಾಪ್ರಭುತ್ವದ ಹೆಸರಿನಲ್ಲಿ ಹೋರಾಡಲು ಕರೆಸಿಕೊಂಡವರಲ್ಲಿ ಶೇಕಡಾ 16 ಮಂದಿ ಕಪ್ಪು ಜನರೆಂದೂ ಅದು ಹೇಳಿತು. ಕಡ್ಡಾಯ ಸೇನಾ ಭರ್ತಿಗೆ ಒಪ್ಪದವರೊಂದಿಗೆ ತಮ್ಮ ಸಹಾನುಭೂತಿ ಮತ್ತು ಬೆಂಬಲ ಇದೆಯೆಂದು ಸೇರಿಸಿತು. ಯಂಗ್ ಅವರ ಕೊಲೆಯನ್ನೂ ವಿಯೆಟ್ನಾಮಿನ ಹಳ್ಳಿಗರ ಸಾವನ್ನೂ ಅದು ಒಂದೇ ಉಸಿರಿನಲ್ಲಿ ನೆನೆದಿತ್ತು.

ಈ ಹೇಳಿಕೆಯನ್ನು ಬರೆಯುವುದರಲ್ಲಿ ಬಾಂಡ್ ಅವರ ಕೈ ಇರಲಿಲ್ಲ. ಅದೇ ದಿನ ರೇಡಿಯೊ ವರದಿಗಾರರೊಬ್ಬರು ಫೋನ್ ಮಾಡಿ ಇದನ್ನು ಒಪ್ಪುತ್ತೀರಾ ಎಂದು ಕೇಳಿದಾಗ, ಒಪ್ಪುತ್ತೇನೆಂದರು. ಇಲ್ಲಿ ಜನರಿಗೆ ಸ್ವಾತಂತ್ರ್ಯದ ಖಾತರಿ ಕೊಡದೆ ಬೇರೆಡೆ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದೇವೆನ್ನುವುದು ಬೂಟಾಟಿಕೆಯೆಂದರು. ಈ ದೇಶದ ಎರಡನೇ ದರ್ಜೆಯ ಪ್ರಜೆಯಾದ ತಾನು ಆ ಯುದ್ಧವನ್ನು ಬೆಂಬಲಿಸಲೇಬೇಕಾದ ಅಗತ್ಯವಿಲ್ಲವೆಂದರು. ಸೇನಾ ಭರ್ತಿಯ ನೋಂದಣಿ ಕಾರ್ಡನ್ನು ಸುಡುವವರ ಬಗ್ಗೆ ಕೇಳಿದಾಗ, ಮುಂದಾಗುವುದನ್ನು ಅರಿತೂ ತಮ್ಮ ನಂಬಿಕೆಯಂತೆ ನಡೆಯುವವರನ್ನು ಮೆಚ್ಚುತ್ತೇನೆ ಎಂದರು. ಫೋನ್ ಇಟ್ಟುಬಿಡಬಹುದಿತ್ತು, ನಾಲ್ಕು ದಿನ ಕಳೆದು ಪ್ರಮಾಣವಚನ ಮುಗಿದ ಮೇಲೆ ಉತ್ತರಿಸುತ್ತೇನೆ ಎನ್ನಬಹುದಿತ್ತು. ಅವರು ಹಾಗೆ ಮಾಡಲಿಲ್ಲ.

ಸದನದ ತೀರ್ಮಾನ

ಎಪ್ಪತ್ತೈದು ಸದಸ್ಯರು ಬಾಂಡ್ ಅವರ ಅರ್ಹತೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಅವರ ಮಾತು ಶತ್ರುವಿಗೆ ನೆರವಾಗುತ್ತದೆ, ಕಡ್ಡಾಯ ಭರ್ತಿಯ ಕಾನೂನನ್ನು ಮುರಿಯಲು ಪ್ರಚೋದಿಸುತ್ತದೆ, ಹೀಗಾಗಿ ಸಂವಿಧಾನವನ್ನು ಎತ್ತಿಹಿಡಿಯುತ್ತೇನೆಂದು ಅವರು ಪ್ರಾಮಾಣಿಕವಾಗಿ ಪ್ರಮಾಣ ಮಾಡಲಾರರು ಎಂಬುದು ಅರ್ಜಿಗಳ ಸಾರ. ಜನವರಿ 10ರ ಅದೇ ದಿನ ವಿಶೇಷ ಸಮಿತಿಯೊಂದು ವಿಚಾರಣೆ ನಡೆಸಿ, ರೇಡಿಯೊ ಸಂದರ್ಶನದ ಧ್ವನಿಮುದ್ರಿಕೆಯನ್ನೂ ಕೇಳಿಸಿಕೊಂಡಿತು.

ವಿಚಾರಣೆಯಲ್ಲಿ ಬಾಂಡ್ ತಮ್ಮ ಮಾತಿನಿಂದ ಹಿಂದೆ ಸರಿಯಲಿಲ್ಲ. ಆದರೆ ಅದರ ಎಲ್ಲೆಯನ್ನು ಖಚಿತವಾಗಿ ಗುರುತಿಸಿದರು. ಕಾರ್ಡನ್ನು ಸುಡಿರೆಂದು ಯಾರಿಗೂ ಸಲಹೆ ಕೊಟ್ಟಿಲ್ಲ, ತನ್ನ ಕಾರ್ಡು ತನ್ನ ಜೇಬಿನಲ್ಲಿಯೇ ಇದೆ, ಬೇಕಾದರೆ ತೋರಿಸುತ್ತೇನೆ, ಜನರು ಕಾನೂನು ಮುರಿಯಬೇಕೆಂದು ತಾನು ಹೇಳುವುದಿಲ್ಲ, ಕಠಿಣ ಫಲ ಕಾದಿದೆಯೆಂದು ತಿಳಿದೂ ನಂಬಿಕೆಯಂತೆ ನಡೆಯುವವರ ಧೈರ್ಯವನ್ನು ಮೆಚ್ಚಿದ್ದೇನೆ ಎಂದರು. ಪ್ರಮಾಣವಚನ ಸ್ವೀಕರಿಸಲು ಸಿದ್ಧನಿದ್ದೇನೆಂದೂ ಸ್ಪಷ್ಟವಾಗಿ ತಿಳಿಸಿದರು. ಅದಾವುದೂ ಉಪಯೋಗಕ್ಕೆ ಬರಲಿಲ್ಲ. ಸಮಿತಿ ಅವರ ವಿರುದ್ಧ ಶಿಫಾರಸು ಮಾಡಿತು. ಸದನ 184 ಮತಗಳಿಂದ 12ರ ವಿರುದ್ಧ ಅದನ್ನು ಅಂಗೀಕರಿಸಿತು.

ಇಲ್ಲಿ ಹಿಂದಕ್ಕೆ ತಿರುಗಿ ನೋಡದೆ ಮುಂದುವರಿಯುವುದು ನನಗೆ ಸಾಧ್ಯವಿಲ್ಲ. ಇದೇ ರಾಜ್ಯದ ಶಾಸನಸಭೆ 1868ರ ಸೆಪ್ಟೆಂಬರ್‌ನಲ್ಲಿ, ಅಂತರ್ಯುದ್ಧದ ನಂತರ ಮೊದಲ ಬಾರಿಗೆ ಗೆದ್ದು ಬಂದಿದ್ದ ಕಪ್ಪು ಸದಸ್ಯರನ್ನು ಹೊರಹಾಕಿತ್ತು. ಕಪ್ಪು ಜನರಿಗೆ ಮತ ಹಾಕುವ ಹಕ್ಕು ಇರಬಹುದು, ಅಧಿಕಾರಸ್ಥಾನದಲ್ಲಿ ಕೂರುವ ಹಕ್ಕಿಲ್ಲ ಎಂಬುದು ಅಂದಿನ ವಾದ. ಹೊರಹಾಕಲ್ಪಟ್ಟವರಲ್ಲಿ ಒಬ್ಬರಾದ ಹೆನ್ರಿ ಮೆಕ್‌ನೀಲ್ ಟರ್ನರ್ ಸದನದಲ್ಲಿ ನಿಂತು, ತನ್ನ ಹಕ್ಕಿಗಾಗಿ ಬೇಡಿಕೊಳ್ಳಲು ಬಂದಿಲ್ಲವೆಂದು ಸಾರಿದ್ದರು. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ 1870ರಲ್ಲಿ ಅವರಿಗೆ ಸ್ಥಾನ ಮರಳಿ ಸಿಕ್ಕಿತು, ಆದರೆ ಶತಮಾನ ಮುಗಿದು ಕೆಲವೇ ವರ್ಷಗಳಲ್ಲಿ ಆ ಕುರ್ಚಿಗಳಲ್ಲಿ ಕಪ್ಪು ಮುಖ ಒಂದೂ ಉಳಿಯಲಿಲ್ಲ. 1966ರಲ್ಲಿ ಬಾಂಡ್ ಜೊತೆಗೆ ಗೆದ್ದು ಬಂದಿದ್ದ ಇತರ ಕಪ್ಪು ಸದಸ್ಯರಿಗೆ ಪ್ರಮಾಣವಚನ ದೊರೆತದ್ದರಿಂದ ಎರಡು ಘಟನೆಗಳು ಒಂದೇ ಅಲ್ಲ, ಇದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಆದರೂ ಮತ ಹಾಕಿದ್ದು ನೀವಾದರೂ ಯಾರು ಕೂರಬೇಕೆಂದು ತೀರ್ಮಾನಿಸುವವರು ನಾವು ಎಂಬ ಧೋರಣೆ ಎರಡರಲ್ಲೂ ಒಂದೇ ಆಗಿತ್ತು.

ನ್ಯಾಯಾಲಯಗಳಲ್ಲಿ

ಬಾಂಡ್ ಫೆಡರಲ್ ನ್ಯಾಯಾಲಯದ ಮೊರೆಹೋದರು. ಮಾರ್ಟಿನ್ ಲೂಥರ್ ಕಿಂಗ್ ಅವರೂ ವಾದಿಗಳಾಗಿ ಸೇರಿಕೊಂಡರು. ಫೆಬ್ರವರಿಯಲ್ಲಿ ಮೂವರು ನ್ಯಾಯಾಧೀಶರ ಪೀಠ ಎರಡು–ಒಂದರ ಬಹುಮತದಿಂದ ಸದನದ ಪರ ತೀರ್ಪಿತ್ತಿತು. ಬಾಂಡ್ ಅವರ ಮಾತು ಟೀಕೆಯ ಗಡಿಯನ್ನು ದಾಟಿ ಕ್ರಿಯೆಗೆ ಕರೆಯಾಗಿತ್ತು, ಹೀಗಾಗಿ ಪ್ರಮಾಣವಚನಕ್ಕೆ ಅದು ಹೊಂದದೆಂದು ಸದನ ಭಾವಿಸಲು ಆಧಾರವಿತ್ತು ಎಂಬುದು ಬಹುಮತದ ಅಭಿಪ್ರಾಯ. ಭಿನ್ನಮತದ ನ್ಯಾಯಾಧೀಶ ಎಲ್ಬರ್ಟ್ ಟಟಲ್ ಬೇರೆಯೇ ಒಂದು ಸರಳ ದಾರಿ ಹಿಡಿದರು: ಜಾರ್ಜಿಯಾದ ಸಂವಿಧಾನ ಶಾಸಕನ ಅರ್ಹತೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿರುವಾಗ, ಸದನಕ್ಕೆ ತನ್ನ ಇಷ್ಟದಂತೆ ಹೊಸ ಅನರ್ಹತೆಯನ್ನು ಸೇರಿಸುವ ಅಧಿಕಾರವಿಲ್ಲ. ನನಗೆ ಈ ದಾರಿಯೇ ಹೆಚ್ಚು ಗಟ್ಟಿಯೆನಿಸುತ್ತದೆ, ಏಕೆಂದರೆ ಅದು ಆಡಿದ ಮಾತು ಸರಿಯೋ ತಪ್ಪೋ ಎಂಬ ಗೊಂದಲಕ್ಕೆ ಇಳಿಯುವುದೇ ಇಲ್ಲ.

ಇತ್ತ ಖಾಲಿಯಾದ ಸ್ಥಾನಕ್ಕೆ ಫೆಬ್ರವರಿ 23ರಂದು ಉಪಚುನಾವಣೆ ನಡೆಯಿತು. ಬಾಂಡ್ ಎದುರಾಳಿಯೇ ಇಲ್ಲದೆ ಮತ್ತೆ ಗೆದ್ದರು. ಮಾತನ್ನು ಹಿಂತೆಗೆದುಕೊಳ್ಳಿರೆಂದು ಸದನದ ಸಮಿತಿ ಕೇಳಿತು, ಅವರು ಒಪ್ಪಲಿಲ್ಲ, ಬಾಗಿಲು ಮತ್ತೆ ಮುಚ್ಚಿತು. ಅದೇ ನವೆಂಬರ್‌ನ ಸಾಮಾನ್ಯ ಚುನಾವಣೆಯಲ್ಲಿ ಮತದಾರರು ಅವರನ್ನೇ ಮೂರನೆಯ ಬಾರಿ ಆರಿಸಿದರು. ಕೋರ್ಟಿನ ತೀರ್ಪಿನ ಬಗ್ಗೆ ಬರೆಯುವವರು ಈ ಎರಡು ಚುನಾವಣೆಗಳನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತಾರೆ. ನನ್ನ ದೃಷ್ಟಿಯಲ್ಲಿ ಪ್ರಕರಣದ ಜೀವ ಇರುವುದು ಅಲ್ಲಿಯೇ. ಬಾಂಡ್ ಬಿಟ್ಟು ಬೇರೆ ಯಾರನ್ನು ಕಳುಹಿಸಿದ್ದರೂ ಆ ಕ್ಷೇತ್ರದ ಜನರಿಗೆ ಸದನದಲ್ಲಿ ಒಂದು ಧ್ವನಿ, ಒಂದು ಮತ ಸಿಗುತ್ತಿತ್ತು. ಅಷ್ಟೂ ಸಿಗದಿದ್ದರೂ ಚಿಂತೆಯಿಲ್ಲ, ನಮ್ಮ ಪ್ರತಿನಿಧಿ ಯಾರೆಂದು ಹೇಳಬೇಕಾದವರು ನಾವೇ ಎಂದು ಅವರು ಮತಪೆಟ್ಟಿಗೆಯ ಮೂಲಕ ಮತ್ತೆ ಮತ್ತೆ ಉತ್ತರಿಸಿದರು.

1966ರ ನವೆಂಬರ್ 10ರಂದು ಸುಪ್ರೀಂ ಕೋರ್ಟ್ ವಾದ ಆಲಿಸಿ, ಡಿಸೆಂಬರ್ 5ರಂದು ತೀರ್ಪು ನೀಡಿತು. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಬರೆದ ಅದು ಸರ್ವಾನುಮತದ ತೀರ್ಪು. ಶಾಸಕರು ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ರಾಜ್ಯ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಪ್ರಮಾಣ ಮಾಡಲು ಸಿದ್ಧನಾಗಿ ನಿಂತವನ ಅಂತರಂಗವನ್ನು ಬಹುಮತದ ಸದಸ್ಯರು ಅಳೆಯಲು ಹೊರಟರೆ, ತಮಗೆ ಹಿಡಿಸದ ಅಭಿಪ್ರಾಯದವರನ್ನೆಲ್ಲ ಪ್ರಮಾಣವಚನದ ನೆಪದಲ್ಲಿ ಹೊರಗಿಡಬಹುದು ಎಂದು ಕೋರ್ಟ್ ಹೇಳಿತು. ಭರ್ತಿಯ ಕಾನೂನನ್ನು ಮುರಿಯಲು ಬಾಂಡ್ ಪ್ರಚೋದಿಸಿದರೆಂಬ ಆರೋಪ ಅವರ ಮಾತುಗಳನ್ನು ಪೂರ್ತಿಯಾಗಿ ಓದಿದರೆ ನಿಲ್ಲುವುದಿಲ್ಲವೆಂದಿತು.

ರಾಜ್ಯ ಮುಂದಿಟ್ಟ ಇನ್ನೊಂದು ವಾದ ಮೇಲ್ನೋಟಕ್ಕೆ ಗಂಭೀರವಾಗಿಯೇ ಕಾಣುತ್ತದೆ. ಸರ್ಕಾರವನ್ನು ಕಟುವಾಗಿ ಟೀಕಿಸುವ ಸ್ವಾತಂತ್ರ್ಯ ಸಾಮಾನ್ಯ ಪ್ರಜೆಗೆ ಇರಬಹುದು, ಆದರೆ ಶಾಸಕನ ನಿಷ್ಠೆಯನ್ನು ಅದಕ್ಕಿಂತ ಬಿಗಿಯಾದ ಅಳತೆಗೋಲಿನಿಂದ ನೋಡಬೇಕು ಎಂಬುದು ಆ ವಾದ. ಇಂಥ ಮಾತನ್ನು ಯಾವ ದೇಶದಲ್ಲಾದರೂ ಕೇಳಬಹುದು, ಅದಕ್ಕೆ ತಲೆದೂಗುವವರೂ ಸಿಗುತ್ತಾರೆ. ಕೋರ್ಟ್ ಇದನ್ನು ತಲೆಕೆಳಗಾಗಿಸಿತು. ವಿವಾದದ ವಿಷಯಗಳಲ್ಲಿ ನಿಲುವು ತಳೆಯುವುದು ಶಾಸಕರ ಕರ್ತವ್ಯ. ಅವರ ನಿಲುವು ತಿಳಿದರಷ್ಟೇ ಮತದಾರರು ಅವರನ್ನು ಅಳೆಯಬಲ್ಲರು, ಸರ್ಕಾರದ ಚರ್ಚೆಗಳಲ್ಲಿ ತಾವು ಆರಿಸಿದ ವ್ಯಕ್ತಿಯ ಮೂಲಕವೇ ಪಾಲ್ಗೊಳ್ಳಬಲ್ಲರು. ಆದ್ದರಿಂದ ಶಾಸಕರಿಗೆ ಮಾತಿನ ಅತ್ಯಂತ ವಿಶಾಲ ಅವಕಾಶ ಇರಬೇಕು ಎಂದಿತು. ಜನಾಂಗದ ಕಾರಣಕ್ಕೆ ಬಾಂಡ್ ಅವರನ್ನು ಹೊರಗಿಟ್ಟರೇ ಎಂಬ ಪ್ರಶ್ನೆಯನ್ನು, ವಾಕ್ ಸ್ವಾತಂತ್ರ್ಯದ ನೆಲೆಯಲ್ಲೇ ವ್ಯಾಜ್ಯ ಇತ್ಯರ್ಥವಾದದ್ದರಿಂದ, ಕೋರ್ಟ್ ಮುಟ್ಟಲಿಲ್ಲ. ಕಾನೂನಿನ ಶಿಸ್ತಿಗೆ ಅದು ಸರಿಯಾದರೂ, ಸ್ಯಾಮಿ ಯಂಗ್ ಅವರ ಸಾವಿನಿಂದ ಹುಟ್ಟಿದ ಪ್ರಕರಣದ ಕೊನೆಯಲ್ಲಿ ಆ ಮೌನ ಓದುಗನನ್ನು ಚುಚ್ಚುತ್ತದೆ.

1969ರಲ್ಲಿ ಅಮೆರಿಕದ ಕಾಂಗ್ರೆಸ್ (ಅಲ್ಲಿನ ಸಂಸತ್ತು) ತನ್ನ ಸದಸ್ಯ ಆಡಮ್ ಕ್ಲೇಟನ್ ಪೊವೆಲ್ ಅವರಿಗೆ ಸ್ಥಾನ ನಿರಾಕರಿಸಿದ್ದು ತಪ್ಪೆಂದು ಅದೇ ಕೋರ್ಟ್ ಹೇಳಿತು. ಸಂವಿಧಾನದಲ್ಲಿ ಬರೆದಿರುವ ಅರ್ಹತೆಗಳ ಆಚೆಗೆ ಸದನ ಹೋಗಬಾರದೆಂಬ ಆ ತೀರ್ಪಿನಲ್ಲಿ ನ್ಯಾಯಾಧೀಶ ಟಟಲ್ ಹಿಡಿದಿದ್ದ ದಾರಿಯ ನೆರಳು ಕಾಣುತ್ತದೆ. 2023ರ ಏಪ್ರಿಲ್‌ನಲ್ಲಿ ಟೆನೆಸ್ಸೀಯ ಶಾಸನಸಭೆ, ಬಂದೂಕು ನಿಯಂತ್ರಣಕ್ಕೆ ಒತ್ತಾಯಿಸಿ ಸದನದೊಳಗೆ ಪ್ರತಿಭಟಿಸಿದ ಜಸ್ಟಿನ್ ಜೋನ್ಸ್ ಮತ್ತು ಜಸ್ಟಿನ್ ಪಿಯರ್‌ಸನ್ ಎಂಬ ಇಬ್ಬರು ಯುವ ಕಪ್ಪು ಸದಸ್ಯರನ್ನು ಉಚ್ಚಾಟಿಸಿದಾಗ ಹಲವರು ಬಾಂಡ್ ಅವರನ್ನು ನೆನೆದರು. ಸದನದ ನಡಾವಳಿಯನ್ನು ಮುರಿದರೆಂಬುದು ಅಲ್ಲಿನ ಆರೋಪ, ಸದನದ ಹೊರಗೆ ಆಡಿದ ಮಾತಲ್ಲ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಕೆಲವೇ ದಿನಗಳಲ್ಲಿ ಅವರ ಸ್ಥಳೀಯ ಸಂಸ್ಥೆಗಳು ಅವರನ್ನೇ ಮತ್ತೆ ಕಳುಹಿಸಿದ್ದು 136ನೇ ಕ್ಷೇತ್ರದ ಉತ್ತರದ ಹಾಗೆಯೇ ಇತ್ತು.

ಕುರ್ಚಿಯಲ್ಲಿ ಕುಳಿತ ಮೇಲೆ

1967ರ ಜನವರಿ 9ರಂದು ಬಾಂಡ್ ಪ್ರಮಾಣವಚನ ಸ್ವೀಕರಿಸಿದರು. ಅದೇ ವಾರ ಆ ಶಾಸನಸಭೆ, ಗವರ್ನರ್ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದ ಕಾರಣ, ವರ್ಣಭೇದದ ಕಟ್ಟಾ ಬೆಂಬಲಿಗ ಲೆಸ್ಟರ್ ಮ್ಯಾಡಾಕ್ಸ್ ಅವರನ್ನು ತಾನೇ ಗವರ್ನರ್ ಆಗಿ ಆರಿಸಿತು. ಬಾಂಡ್ ಯಾವ ಸದನದೊಳಗೆ ಕಾಲಿಟ್ಟರೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. 1968ರ ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಸೇರಿದ ಡೆಮಾಕ್ರಟಿಕ್ ಪಕ್ಷದ ಸಮಾವೇಶಕ್ಕೆ ಮ್ಯಾಡಾಕ್ಸ್ ಅವರ ನಿಯೋಗಕ್ಕೆದುರಾಗಿ ಬಾಂಡ್ ಮತ್ತೊಂದು ನಿಯೋಗವನ್ನು ಕರೆದೊಯ್ದು, ರಾಜ್ಯದ ಅರ್ಧದಷ್ಟು ಸ್ಥಾನಗಳನ್ನು ಪಡೆದರು. ಅಲ್ಲಿ ದೇಶದ ಉಪಾಧ್ಯಕ್ಷ ಸ್ಥಾನಕ್ಕೆ ಅವರ ಹೆಸರು ಸೂಚಿತವಾದಾಗ, ಸಂವಿಧಾನ ಕೇಳುವ 35 ವರ್ಷ ತಮಗೆ ಆಗಿಲ್ಲವೆಂದು ಹಿಂದೆ ಸರಿದರು. ಆಗ ಅವರಿಗೆ 28.

ಹೊರಗಿಟ್ಟದ್ದರಿಂದಲೇ ಬಾಂಡ್ ದೇಶಕ್ಕೆಲ್ಲ ಪರಿಚಿತರಾದರು, ಆದರೆ ರಾಜ್ಯದ ಸದನದೊಳಗೆ ಅದು ಅವರನ್ನು ದೀರ್ಘಕಾಲ ಒಂಟಿಯಾಗಿಸಿತು. 1975ರ ಆರಂಭದವರೆಗೆ ಪ್ರತಿನಿಧಿ ಸಭೆಯಲ್ಲಿ, ನಂತರ 1987ರವರೆಗೆ ರಾಜ್ಯ ಸೆನೆಟ್‌ನಲ್ಲಿ ಅವರು ಇದ್ದರು. ನಮ್ಮ ವಿಧಾನ ಪರಿಷತ್ತಿನಂತಲ್ಲದೆ ಅಲ್ಲಿನ ಸೆನೆಟ್‌ಗೂ ಜನರೇ ನೇರವಾಗಿ ಮತ ಹಾಕುತ್ತಾರೆ. ದೇಶವೆಲ್ಲ ಸುತ್ತಿ ಭಾಷಣ ಮಾಡುವುದರಲ್ಲೇ ಕಾಲ ಕಳೆಯುತ್ತಾರೆ, ಸ್ವಂತ ಕ್ಷೇತ್ರದ ಕೆಲಸದಲ್ಲಿ ಮನಸ್ಸಿಲ್ಲ ಎಂಬ ದೂರು ಅವರ ಮೇಲಿತ್ತು; ಅದರಲ್ಲಿ ಸ್ವಲ್ಪ ನಿಜವೂ ಇತ್ತೆಂದು ನನಗನಿಸುತ್ತದೆ.

ಆದರೆ ಆ ದೂರಿಗೆ ತಕ್ಕ ಉತ್ತರವಾಗಿ ಒಂದು ಕೆಲಸ ನಿಲ್ಲುತ್ತದೆ. 1980ರ ಜನಗಣತಿಯ ನಂತರ ಕಾಂಗ್ರೆಸ್ ಕ್ಷೇತ್ರಗಳನ್ನು ಮತ್ತೆ ವಿಂಗಡಿಸುವಾಗ, ಅಟ್ಲಾಂಟಾದ 5ನೇ ಕ್ಷೇತ್ರದಲ್ಲಿ ಕಪ್ಪು ಜನರ ಪಾಲು ಶೇಕಡಾ 69 ಇರುವಂತೆ ಬಾಂಡ್ ಯೋಜನೆ ರೂಪಿಸಿದರು. ಸೆನೆಟ್ ಒಪ್ಪಿತು, ಪ್ರತಿನಿಧಿ ಸಭೆ ಒಪ್ಪದೆ ಶೇಕಡಾ 57ಕ್ಕೆ ನಿಲ್ಲಿಸಿತು. ಮತದಾನ ಹಕ್ಕಿನ ಕಾಯ್ದೆಯಂತೆ ಪೂರ್ವಾನುಮತಿಗಾಗಿ ವಿಷಯ ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಲಯದ ಮುಂದೆ ಬಂದಾಗ, 1982ರಲ್ಲಿ ಅದು ರಾಜ್ಯದ ಯೋಜನೆಯ ಹಿಂದೆ ಜನಾಂಗದ್ವೇಷದ ಉದ್ದೇಶವಿದೆಯೆಂದು ಕಂಡು ಅನುಮತಿ ನಿರಾಕರಿಸಿತು. ಪಾಲು ಸುಮಾರು 65ಕ್ಕೆ ಏರಿತು. ಮತದಾರರಿಂದ ಹುಟ್ಟಿದ ಶಾಸಕ ಈಗ ಒಂದು ಕ್ಷೇತ್ರದ ಹುಟ್ಟಿಗೇ ಕಾರಣನಾದ.

1986ರಲ್ಲಿ ಆ ಸ್ಥಾನ ತೆರವಾದಾಗ ಬಾಂಡ್ ಸ್ಪರ್ಧಿಸಿದರು. ಎದುರಿಗೆ ನಿಂತವರಲ್ಲಿ ಜಾನ್ ಲೂಯಿಸ್ ಇದ್ದರು: 1966ರ ಜನವರಿ 6ರಂದು ಆ ಹೇಳಿಕೆಯನ್ನು ಪತ್ರಕರ್ತರ ಮುಂದೆ ಓದಿದವರು, ಇಪ್ಪತ್ತೈದು ವರ್ಷಗಳ ಗೆಳೆಯ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯ ಮೊದಲ ಸುತ್ತಿನಲ್ಲಿ ಬಾಂಡ್ ಶೇಕಡಾ 47, ಲೂಯಿಸ್ 35 ಪಡೆದರು. ಎರಡನೆಯ ಸುತ್ತಿನ ಚರ್ಚೆಯಲ್ಲಿ ಮಾದಕವಸ್ತು ಪರೀಕ್ಷೆಗೆ ಒಳಗಾಗಲು ಲೂಯಿಸ್ ಸವಾಲೆಸೆದರು. ಬಾಂಡ್ ತತ್ವದ ಕಾರಣಕ್ಕೆ ನಿರಾಕರಿಸಿದರು, ಆದರೆ ಸವಾಲಿನ ಗಾಯ ಉಳಿಯಿತು. ಕಪ್ಪು ಮತದಾರರ ಬಹುಮತ ಬಾಂಡ್ ಕಡೆಗಿತ್ತು; ಬಿಳಿಯ ಮತದಾರರು ದೊಡ್ಡ ಪ್ರಮಾಣದಲ್ಲಿ ಲೂಯಿಸ್ ಅವರನ್ನು ಆರಿಸಿದರು. ಸೆಪ್ಟೆಂಬರ್ 2ರಂದು ಲೂಯಿಸ್ ಸುಮಾರು ಶೇಕಡಾ 52 ಮತ ಪಡೆದು ಗೆದ್ದರು. ಕುರ್ಚಿ ಮತದಾರರದು ಎಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ ಸ್ಥಾಪಿಸಿದವರಿಗೇ, ಅವರೇ ಗೆರೆ ಎಳೆಸಿದ ಕ್ಷೇತ್ರದಲ್ಲಿ, ಮತದಾರರು ಬೇರೊಬ್ಬರನ್ನು ಆರಿಸಿದರು.

ಬಾಂಡ್ ಮತ್ತೆ ಯಾವ ಚುನಾವಣೆಯಲ್ಲೂ ಗೆಲ್ಲಲಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಾಗರಿಕ ಹಕ್ಕುಗಳ ಇತಿಹಾಸವನ್ನು ಕಲಿಸಿದರು, 1998ರಿಂದ 2010ರವರೆಗೆ ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಸಂಘಟನೆಯ ಮಂಡಳಿಗೆ ಅಧ್ಯಕ್ಷರಾಗಿದ್ದರು. 2015ರ ಆಗಸ್ಟ್ 15ರಂದು ಫ್ಲೋರಿಡಾದಲ್ಲಿ ಅವರು ತೀರಿಕೊಂಡಾಗ 75 ವರ್ಷ ವಯಸ್ಸಾಗಿತ್ತು. 5ನೇ ಕ್ಷೇತ್ರವನ್ನು ಕಾಂಗ್ರೆಸ್‌ನಲ್ಲಿ ಆಗಲೂ ಜಾನ್ ಲೂಯಿಸ್ ಅವರೇ ಪ್ರತಿನಿಧಿಸುತ್ತಿದ್ದರು.